ತವರಿನ ಮಣ್ಣಿನ ಹೆಸರು

ಇಬ್ವೇಲದ ತುಂಪೆಗೆ ಸಿಟ್ಟು ಬಂದ ವಾರ ಅವಳ ಗಡಿಗೆಗಳ ಕಂಠ ಸೊಟ್ಟಗಿರುತ್ತದೆ ಎಂಬುದು ಮಟೇಮ ಸಂತೆಯಲ್ಲಿ ಎಲ್ಲರಿಗೂ ಗೊತ್ತು. ಕೊಳ್ಳಲು ಬಂದವರು ಗಡಿಗೆಯನ್ನು ತಿರುಗಿಸಿ ನೋಡಿ, "ಈ ವಾರ ಯಾರ ಜತೆ ಜಗಳ ಅಜ್ಜಿ?" ಎಂದು ಕೇಳುತ್ತಾರೆ. "ಸುಮ್ನೆ ತಿರುಗಿಸಿ ನೋಡಿ ತಗೊಳ್ದೆ ಹೋಗೋರ ಜತೆ" ಎಂದು ಅವಳು ಉತ್ತರ ಕೊಡುತ್ತಾಳೆ. ಆದರೂ ಗಡಿಗೆ ಒಂದೂ ಉಳಿಯುವುದಿಲ್ಲ. ಬಾಳೆಕಾಯಿ ಬೇಯಿಸಲಿಕ್ಕೆ, ನೀರು ತಣ್ಣಗಿಡಲಿಕ್ಕೆ ಆ ಸುತ್ತಿನಲ್ಲಿ ಅವಳ ಗಡಿಗೆಗೆ ಸಮ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮಾರಿ, ಅಕ್ಕಿ ಸಾಬೂನು ಕಟ್ಟಿಕೊಂಡು ದೋಣಿ ಹತ್ತಿಬಿಡುತ್ತಾಳೆ.

ಇಬ್ವೇಲಕ್ಕೆ ರಸ್ತೆ ಇಲ್ಲ. ಬೆನ್ನಿಗೆ ಬೆಟ್ಟ, ಎದುರಿಗೆ ನ್ಯಾಸಾ ಸರೋವರ, ನಡುವೆ ಒಂದಿಷ್ಟು ಮನೆ, ಮರಗೆಣಸಿನ ಹೊಲ, ಒಂದು ಚರ್ಚು. ಗಂಡಸರು ಮೀನು ಹಿಡಿಯುತ್ತಾರೆ, ಹೆಂಗಸರು ಗಡಿಗೆ ಮಾಡುತ್ತಾರೆ. ಜೇಡಿಮಣ್ಣಿನ ಗುಂಡಿಯ ಹತ್ತಿರ ಗಂಡಸು ಸುಳಿಯಬಾರದು. ಸುಳಿದರೆ ಆ ಮಣ್ಣಿನ ಗಡಿಗೆ ಬೆಂಕಿಯಲ್ಲಿ ಬಿರಿಯುತ್ತದೆ. ಗಂಡಸರು ಇದನ್ನು ಭಕ್ತಿಯಿಂದ ನಂಬುತ್ತಾರೆ. ಅಗೆಯುವ, ಹೊರುವ ಕೆಲಸ ತಪ್ಪುವುದಾದರೆ ಯಾವ ಗಂಡಸು ನಂಬುವುದಿಲ್ಲ?

ತುಂಪೆ ಹುಟ್ಟಿದ್ದು ಅಲ್ಲಿ ಅಲ್ಲ. ಅವಳ ತವರು ಲುಸೂಬ. ದಡದ ಗುಂಟ ದಕ್ಷಿಣಕ್ಕೆ ಅರ್ಧ ದಿನ ದೋಣಿಯಲ್ಲಿ ಹೋಗಿ, ಆಮೇಲೆ ಏದುಸಿರು ಬಿಡುತ್ತ ಗುಡ್ಡ ಹತ್ತಿದರೆ ಸಿಗುತ್ತಿದ್ದ ಕೆಲವೇ ಮನೆಗಳು. ಅಲ್ಲಿಯ ಹೆಂಗಸರೂ ಗಡಿಗೆಯವರೇ, ಮಾತೂ ಇಬ್ವೇಲದ್ದೇ; ಆ ನುಡಿ ಆಡುತ್ತಿದ್ದುದು ಈ ಎರಡೇ ಊರು. ಹಾಗಾಗಿ ಮದುವೆಯಾಗಿ ಬಂದಾಗ ಹುಡುಗಿಗೆ ಕೆಲಸ ಕಲಿಸಬೇಕಾಗಿರಲಿಲ್ಲ. ಮಾತಾಡುವುದನ್ನು ಮಾತ್ರ ಮೊದಲಿನಿಂದ ಕಲಿಸಬೇಕಾಯಿತು.

ಹೊಸ ಸೊಸೆಯನ್ನು ಒಳಮನೆಯಲ್ಲಿ ಕೂರಿಸಿಕೊಂಡು ಅತ್ತೆ ಮಾತು ಕಲಿಸುವುದು ಅಲ್ಲಿಯ ಕ್ರಮ. ಸೊಸೆ ಮಾವನ ಮುಖ ನೋಡಬಾರದು. ಅವನು ಎದುರಿಗೆ ಬಂದರೆ ದಾರಿ ಬಿಟ್ಟು ಪೊದೆಗೆ ಸರಿಯಬೇಕು. ಅವನ ಹೆಸರು ಬಾಯಲ್ಲಿ ಬರಬಾರದು. ಹೆಸರಷ್ಟೇ ಆಗಿದ್ದರೆ ಸುಲಭವಿತ್ತು. ಹೆಸರಿನ ಸದ್ದು ಬೇರೆ ಯಾವ ಮಾತಿನೊಳಗೆ ಇಣುಕಿದರೂ ಆ ಮಾತನ್ನೂ ಬಿಟ್ಟು, ಬದಲಿಗೆ ಇನ್ನೊಂದು ಹೇಳಬೇಕು. ತುಂಪೆಯ ಮಾವನ ಹೆಸರು ಬುಂಬೀಲ. ಇದನ್ನು ಹೇಳುತ್ತಿರುವವರು ಯಾರ ಸೊಸೆಯೂ ಅಲ್ಲವಾದ್ದರಿಂದ ಇಲ್ಲಿ ಬರೆಯಲು ಅಡ್ಡಿಯಿಲ್ಲ. ಅವರ ನುಡಿಯಲ್ಲಿ ಆ ಸದ್ದಿರುವ ಮಾತುಗಳೆಲ್ಲ ಹುಡುಗಿಯ ಬಾಯಿಂದ ಹೋದವು: ಮಂಜು ಹೋಯಿತು, ಗೂಬೆ ಹೋಯಿತು, ಒಂದು ಜಾತಿಯ ಅವರೆ ಹೋಯಿತು. ಕೊನೆಗೆ ಕೆಲಸಕ್ಕೆ ಕೂತರೆ ಮಾತುಮಾತಿಗೂ ಬೇಕಾಗುವ ಜೇಡಿಮಣ್ಣಿನ ಹೆಸರೂ ಹೋಯಿತು.

"ಇನ್ಮೇಲೆ ಅದನ್ನ 'ಮೆತ್ತಂದು' ಅನ್ಬೇಕು" ಎಂದಳು ಅತ್ತೆ.

"ಗಂಜೀನೂ ಮೆತ್ತಗೇ ಇರುತ್ತಲ್ಲ ಅತ್ತೆ?"

"ಈ ಮನೇಲಿ ಗಂಜಿ ಗಟ್ಟಿಗಿರುತ್ತೆ. ನಾನೇ ಕಟ್ಟಿದ ಮಾತದು. ಹಿಡಿಸ್ಲಿಲ್ವಾ? ನೀನು ಅತ್ತೆ ಆದಾಗ ಬೇರೆ ಕಟ್ಕೋ."

ಬಂದ ಹೊಸದರಲ್ಲೇ ಒಂದು ಬೆಳಿಗ್ಗೆ ತುಂಪೆಯ ನಾಲಗೆ ತಪ್ಪಿತು. ಜೇಡಿಮಣ್ಣನ್ನು ತವರಿನ ಹೆಸರಿನಿಂದಲೇ ಕರೆದುಬಿಟ್ಟಳು. ಗೋಡೆಯಾಚೆ ಮಾವ ಕೆಮ್ಮಿದ. ಅತ್ತೆ ಹಣೆ ಚಚ್ಚಿಕೊಂಡಳು. ಇಂಥ ತಪ್ಪಿಗೆ ತವರಿನವರು ಬಂದು ಕೋಳಿ ಒಪ್ಪಿಸಬೇಕು. ಸುದ್ದಿ ಕೇಳಿ ಲುಸೂಬದಿಂದ ತುಂಪೆಯ ಅವ್ವ ಒಂದು ಹುಂಜವನ್ನು ಕಂಕುಳಲ್ಲಿ ಒತ್ತಿಕೊಂಡು ಬಂದಳು. ಬೀಗರ ಮುಂದೆ ತಲೆ ತಗ್ಗಿಸಿ ಕೂತು, ಮಗಳ ಪರವಾಗಿ ತಪ್ಪಾಯಿತೆಂದು ಹೇಳಿ, ಹುಂಜ ಒಪ್ಪಿಸಿ, ಮುದ್ದೆ ಮೀನು ಉಂಡಳು. ದೋಣಿಯ ಹತ್ತಿರ ಬಂದ ಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ.

"ನೀನು ಹೀಗೇ ಮಾತಾಡ್ತಾ ಇದ್ರೆ ನನ್ನ ಕೋಳಿಗೂಡು ಖಾಲಿ ಆಗುತ್ತೆ ಕಣೇ. ಆ ಮಾತು ನನ್ಹತ್ರಾನೇ ಇರ್ಲಿ ಬಿಡು. ತವರಿಗೆ ಬಂದಾಗ ಇಬ್ರೂ ಕೂತು ಹೊಟ್ಟೆ ತುಂಬ ಆಡೋಣ. ಅಲ್ಲಿ ನೀನು ಯಾರ ಸೊಸೇನೂ ಅಲ್ಲ."

ಅಂದಿನಿಂದ ತುಂಪೆ ಆ ಮಾತನ್ನು ಬಾಯಿಗೆ ಬರುವ ಮೊದಲೇ ತಡೆಯಲು ಕಲಿತಳು. ಬರಬರುತ್ತ, ಮನಸ್ಸಿಗೆ ಬರುವ ಮೊದಲೇ ತಡೆಯಲು ಕಲಿತಳು.

ತವರಿಗೆ ಹೋಗಿ ಹೊಟ್ಟೆ ತುಂಬ ಆಡುವ ದಿನ ಬರಲಿಲ್ಲ. ಮಗ ಲ್ವಿಟಿಕೊ ಹುಟ್ಟಿದ. ಅವನು ತೊಟ್ಟಿಲಿನಲ್ಲಿರುವಾಗಲೇ, ಗುಡ್ಡದ ಮೇಲೆ ಅಲ್ಲೊಂದು ಇಲ್ಲೊಂದು ಮನೆ ಮಾಡಿಕೊಂಡವರನ್ನೆಲ್ಲ ರಸ್ತೆ ಬದಿಯ ದೊಡ್ಡ ಊರುಗಳಿಗೆ ಸೇರಿಸುವ ಕಾಲ ಬಂತು. ಲುಸೂಬದವರೂ ಪಾತ್ರೆಪಡಗ ಹೊತ್ತು ಇಳಿದರು, ದಿಕ್ಕಿಗೊಬ್ಬರಾಗಿ ಹೋದಲ್ಲಿಯ ಮಾತಿಗೇ ಹೊಂದಿಕೊಂಡರು. ಅವ್ವ ಬಯಲಿನ ಯಾವುದೋ ಊರಿನಲ್ಲಿ ಜ್ವರ ಹಿಡಿದು ತೀರಿಕೊಂಡಳು. ಸುದ್ದಿ ಇಬ್ವೇಲಕ್ಕೆ ಬರುವ ಹೊತ್ತಿಗೆ ಸಮಾಧಿಯ ಮೇಲೆ ಹುಲ್ಲು ಬೆಳೆದಿತ್ತು. ತುಂಪೆಯ ಕೈಯಲ್ಲಿ ಅರ್ಧ ಮುಗಿದ ಗಡಿಗೆ ಇತ್ತು. ಬಿಟ್ಟರೆ ಒಣಗಿಹೋಗುತ್ತದೆಂದು ಅದನ್ನು ಮುಗಿಸಿ, ಆಮೇಲೆ ಅತ್ತಳು.

ಅದಾಗಿ ಸ್ವಲ್ಪ ಕಾಲಕ್ಕೆ ಗಂಡನ ದೋಣಿ ಗಾಳಿಗೆ ಮಗುಚಿತು. ಹೆಣ ಮೂರು ದಿನದ ಮೇಲೆ ಸಿಕ್ಕಿತು. ಅಣ್ಣ ಸತ್ತರೆ ಅತ್ತಿಗೆಯನ್ನು ತಮ್ಮ ಇಟ್ಟುಕೊಳ್ಳುವುದು ರೂಢಿ. ಮೈದುನ ತಯಾರಾಗಿಯೇ ನಿಂತಿದ್ದ. ತುಂಪೆ ಒಲ್ಲೆನೆಂದಳು. ಹಾಗಾದರೆ ಮಗನನ್ನು ಇಲ್ಲೇ ಬಿಟ್ಟು ತವರಿಗೆ ಹೋಗಲಿ ಎಂದು ಮನೆಯ ಹಿರಿಯರು ಮಾತಾಡಿಕೊಂಡರು. ಹೋಗಲಿಕ್ಕೆ ತವರಾದರೂ ಎಲ್ಲಿತ್ತು? ಅವಳು ಒಳಗೆ ಮಗುವನ್ನು ಅಪ್ಪಿಕೊಂಡು ಕೂತಿದ್ದಾಗ ಗೋಡೆಯಾಚೆ ಮಾವನ ದನಿ ಕೇಳಿಸಿತು.

"ಆ ಹುಡುಗಿ ಇಷ್ಟು ವರ್ಷ ನನ್ನ ಹೆಸರು ಕಾಪಾಡಿದ್ದಾಳೆ. ಅವಳ ಒಲೆ ಯಾರೂ ಮುಟ್ಟಬೇಡಿ. ಅವಳು ಇಲ್ಲೇ ಇರ್ತಾಳೆ, ಯಾರ ಹೆಂಡ್ತಿಯಾಗೂ ಅಲ್ಲ, ನನ್ನ ಸೊಸೆಯಾಗಿ. ಮಾತು ಮುಗೀತು."

ನಿಜಕ್ಕೂ ಮುಗಿಯಿತು. ಮಾವನಿಗೆ ಎದುರು ನಿಂತು ಉಪಕಾರ ಹೇಳುವಂತಿರಲಿಲ್ಲ. ತುಂಪೆ ಒಂದು ದೊಡ್ಡ ಹೆಂಡದ ಗಡಿಗೆ ಮಾಡಿ, ಕಂಠಕ್ಕೆ ಬಿಳಿ ಸುಣ್ಣದ ಗೆರೆ ಎಳೆದು, ಅವನ ಬಾಗಿಲಲ್ಲಿಟ್ಟು ಬಂದಳು. ಅವನ ಮುಖವನ್ನು ಅವಳು ಸರಿಯಾಗಿ ನೋಡಿದ್ದು ಅವನು ಶವಪೆಟ್ಟಿಗೆಯಲ್ಲಿ ಮಲಗಿದಾಗ. ಸಣ್ಣ ಮುಖ, ಮಗುವಿನ ಕಿವಿ. ಅವನು ಮಣ್ಣಾದ ಮೇಲೂ ಅವನ ಹೆಸರಿನ ಸದ್ದನ್ನು ಅವಳು ಬಾಯಿಗೆ ತರಲಿಲ್ಲ. ಒಲೆ ಇನ್ನೂ ಉರಿಯುತ್ತಿತ್ತಲ್ಲ.

ಇಬ್ವೇಲದ ಗಡಿಗೆಯವರೆಲ್ಲ ಆ ಒಂದೇ ಮನೆತನದ ಸೊಸೆಯರು. ಅವರ ಹೆಣ್ಣುಮಕ್ಕಳು ಅವ್ವಂದಿರ ಪಕ್ಕ ಕೂತು ಕೆಲಸ ಕಲಿತರು, ಜೊತೆಗೆ 'ಮೆತ್ತಂದು' ಎಂಬ ಮಾತನ್ನೂ ಕಲಿತರು. ಅದು ಮಾವನಿಗಾಗಿ ಕಟ್ಟಿದ ಮಾತೆಂದು ಅವರಿಗೆ ಯಾರೂ ಹೇಳಲಿಲ್ಲ. ಗಂಡಸರಿಗೆ ಮಣ್ಣಿನ ಹೆಸರು ಮೊದಲೇ ಬೇಕಿರಲಿಲ್ಲ. ಬುಂಬೀಲ ಸತ್ತು ಹೋಗಿ ಹಿರಿಯ ಹೆಂಗಸರೂ ಒಬ್ಬೊಬ್ಬರಾಗಿ ಹೋದ ಮೇಲೆ, ಜೇಡಿಮಣ್ಣಿಗೆ ಅವರ ನುಡಿಯಲ್ಲಿ ಇನ್ನೊಂದು ಹೆಸರಿತ್ತು ಎಂದು ತಿಳಿದವಳು ದಡದಲ್ಲಿ ತುಂಪೆ ಒಬ್ಬಳೇ. ಓರಗಿತ್ತಿ ಇಕುಪಳಿಗೂ ತಿಳಿಯದು, ಅವಳು ಬೆಟ್ಟದ ಮೇಲಿನ ಬೇರೆ ಮಾತಿನವಳು. ತುಂಪೆ ಒಲ್ಲೆನೆಂದ ಮೈದುನನನ್ನು ಮದುವೆಯಾಗಿ ಬಂದವಳು ಇಕುಪ. ಅವನ ವಿಷಯದಲ್ಲಿ ಇಬ್ಬರದೂ ಒಂದೇ ಅಭಿಪ್ರಾಯವಾದ್ದರಿಂದ ಬೇಗ ಗೆಳೆತನವಾಯಿತು. ಅವನು ಹೋದ ಮೇಲೆ ಇಬ್ಬರೂ ಒಂದೇ ಅಂಗಳದಲ್ಲಿ ಗಡಿಗೆ ಮಾಡಿಕೊಂಡಿದ್ದಾರೆ.

ಆ ಅಂಗಳಕ್ಕೆ ಒಂದು ದಿನ ಕೊಕು ಬಂದಳು. ದಾರ್ ಎಸ್ ಸಲಾಮಿನಲ್ಲಿ ಪಾಠ ಹೇಳುವವಳು, ಹುಟ್ಟಿದ್ದು ಉತ್ತರದ ಇನ್ನೊಂದು ಸರೋವರದ ದಡದ ಬುಕೋಬಾದಲ್ಲಿ. ಸಣ್ಣ ಸಣ್ಣ ನುಡಿಗಳನ್ನು ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ಒಣಮೀನು ತಿನ್ನಲು ಮುಖ ಸಿಂಡರಿಸಲಿಲ್ಲ, ಅಂಗಳ ಗುಡಿಸಿಕೊಟ್ಟಳು, ಗಡಿಗೆ ಮುಟ್ಟಿ ಒಂದನ್ನು ಒಡೆದಳು. ಹಾಗಾಗಿ ಮನೆಯವಳಾದಳು. ಮುದುಕಿಯರು ಅವಳನ್ನು ಮೇಡಮ್ಮ ಎಂದು ಕರೆದು ರೇಗಿಸುತ್ತಿದ್ದರು.

ಅವಳು ಕೇಳುವ ಪ್ರಶ್ನೆಗಳು ವಿಚಿತ್ರವಾಗಿದ್ದವು. "ಅಜ್ಜಿ, 'ಅಳ್ತಾ ಇದ್ದ ಅತ್ತೆಯ ಸೊಸೆ ಮನೆಗೆ ಬಂದಳು.' ಇದರಲ್ಲಿ ಅಳ್ತಾ ಇದ್ದೋರು ಯಾರು? ಅತ್ತೇನಾ, ಸೊಸೇನಾ?"

ಇಕುಪ ಗಡಿಗೆಯ ಒಳಗೆ ಕೈಯಿಟ್ಟುಕೊಂಡೇ ಹೇಳಿದಳು: "ಸೊಸೆ ಮನೆಗೆ ಬಂದ್ಲು ಅಂದ್ಮೇಲೆ ಅತ್ತೇನೇ ಅಳ್ಬೇಕು."

"ಇಬ್ರೂ ಅಳ್ತಾರೆ" ಎಂದಳು ತುಂಪೆ. "ಬೇರೆ ಬೇರೆ ದಿನ."

"ಅಯ್ಯೋ, ಅದಲ್ಲ. ನಿಮ್ಮ ಮಾತಲ್ಲಿ ಎರಡೂ ಅರ್ಥ ಬರುತ್ತಾ ಅಂತ. ಸರಿ, ಇನ್ನೊಂದು. 'ಎಲ್ಲ ಹೆಂಗಸರೂ ಒಂದು ಗಡಿಗೆ ಮಾಡಿದರು.' ಎಲ್ಲರೂ ಸೇರಿ ಒಂದೇ ಗಡಿಗೇನಾ, ಒಬ್ಬೊಬ್ಬರು ಒಂದೊಂದಾ?"

"ಎಲ್ಲ ಹೆಂಗಸರೂ ಸೇರಿ ಒಂದು ಗಡಿಗೆ ಮಾಡಿದ್ರೆ ಅದಕ್ಕೆ ಬಾಯಿ ಇರಲ್ಲ. ಎಲ್ಲ ಬಾಯಿ ಅವರ ಹತ್ರಾನೇ ಇರುತ್ತೆ" ಎಂದಳು ಇಕುಪ. ತುಂಪೆ ನಕ್ಕು ನಕ್ಕು ಮಾಡುತ್ತಿದ್ದುದನ್ನು ಕೆಡಿಸಿಕೊಂಡಳು.

ಕೊಕುವೂ ನಕ್ಕಳು. ಆದರೆ ಬಿಡುವವಳಲ್ಲ. ಎರಡು ಅರ್ಥದ ಮಾತು ಕಿವಿಗೆ ಬಿದ್ದಾಗ ತಲೆ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುತ್ತದೋ, ಒಂದನ್ನು ಹಿಡಿದು ತಪ್ಪಾದರೆ ಇನ್ನೊಂದಕ್ಕೆ ಹಾರುತ್ತದೋ ಎಂದು ಓದಿದವರು ಇನ್ನೂ ಜಗಳವಾಡುತ್ತಿದ್ದಾರೆ, ಯಾರಿಗೂ ತೀರ್ಮಾನ ಗೊತ್ತಿಲ್ಲ ಎಂದಳು. ಇನ್ನೊಂದು ಕೆಲಸವನ್ನೂ ಹೇಳಿದಳು. ಈ ದಡದ ನುಡಿ, ಬೆಟ್ಟದ ಮೇಲಿನ ನುಡಿ, ಆಚೆ ದಡದ ನುಡಿ ಎಲ್ಲ ಒಬ್ಬಳೇ ತಾಯಿಯ ಮಕ್ಕಳು. ತಾಯಿ ಸತ್ತು ಸಾವಿರಾರು ವರ್ಷವಾಯಿತು, ಅವಳ ಮಾತನ್ನು ಬರೆದಿಟ್ಟವರು ಯಾರೂ ಇಲ್ಲ. ಮಕ್ಕಳ ಮುಖಗಳನ್ನು ಪಕ್ಕಪಕ್ಕ ಇಟ್ಟು ತಾಯಿಯ ಮುಖ ಹೇಗಿತ್ತೆಂದು ಕಂಡುಹಿಡಿಯಬೇಕು.

"ಮಕ್ಕಳು ಅಪ್ಪನ ಹಾಗಿದ್ರೆ?" ಎಂದಳು ಇಕುಪ.

"ಪಕ್ಕದ ಮನೆಯವನ ಹಾಗೂ ಇರ್ತಾರೆ. ಅದೇ ಕಷ್ಟ" ಎಂದಳು ಕೊಕು.

ಜೇಡಿಮಣ್ಣಿನ ಸರದಿ ಬಂದಾಗ ಅಂಗಳದಲ್ಲಿದ್ದವರೆಲ್ಲ ಒಂದೇ ದನಿಯಲ್ಲಿ 'ಮೆತ್ತಂದು' ಎಂದರು. ಕೊಕು ಬರೆದುಕೊಂಡಳು. ಆಮೇಲೆ ಪೆನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹಿಂದಿನ ಪುಟಗಳನ್ನು ತಿರುವಿದಳು. ಸುತ್ತಲಿನ ನುಡಿಗಳಲ್ಲೆಲ್ಲ ಜೇಡಿಮಣ್ಣಿನ ಹೆಸರಿನ ನಡು ಒಂದೇ, ತಲೆ ಬಾಲ ಮಾತ್ರ ಊರಿಗೊಂದು ಥರ. ಇಬ್ವೇಲದ್ದೊಂದು ಎಲ್ಲಿಂದಲೋ ಬಂದಂತಿತ್ತು. ಅವಳು ದಡ್ಡಿಯಲ್ಲ. ಮರುದಿನ ತುಂಪೆಯ ಪಕ್ಕ ಕೂತು ಮೆಲ್ಲಗೆ ಕೇಳಿದಳು: "ಅಜ್ಜಿ, ಈ ಮನೇಲಿ ಯಾರ ಹೆಸರು ಹೇಳ್ಬಾರ್ದು?"

ಇಕುಪ ಗದ್ದ ಎತ್ತಿ ಮನೆಯ ಹಿಂದಿನ ಸಮಾಧಿಯನ್ನು ತೋರಿಸಿದಳು. ಕೊಕು ಹೋಗಿ ಶಿಲುಬೆಯ ಮೇಲಿನ ಹೆಸರು ಓದಿಕೊಂಡು ಬಂದಳು.

"ಹಾಗಾದ್ರೆ ಇಲ್ಲಿ ಬೇರೆ ಮಾತಿತ್ತು. ಅದರಲ್ಲಿ ಇವರ ಹೆಸರಿನ ಸದ್ದಿತ್ತು. ಅಜ್ಜಿ, ನಿಮ್ಮ ತವರಲ್ಲಿ ಈ ಹೆಸರಿನ ಮಾವ ಇರ್ಲಿಲ್ಲ ಅಲ್ವಾ? ನಿಮ್ಮವ್ವ ಏನಂತಿದ್ರು?"

"ಗೊತ್ತು" ಎಂದಳು ತುಂಪೆ. ಆ ಒಂದು ಮಾತಿನಲ್ಲಿ ಅವಳಿಗೆ ಹೆಮ್ಮೆಯೂ ಇತ್ತು. "ಗೊತ್ತು. ಹೇಳಕ್ಕಾಗಲ್ಲ."

ಕೊಕು ಬಲವಂತ ಮಾಡಲಿಲ್ಲ. ತನಗೆ ಅದು ಏಕೆ ಬೇಕೆಂದು ಮಾತ್ರ ಹೇಳಿದಳು. ಹಳೆಯ ತಾಯಿಯ ಮಕ್ಕಳು ಗಡಿಗೆ ಮಾಡುವುದನ್ನು ಕಲಿತುಕೊಂಡೇ ಈ ದಡಕ್ಕೆ ಇಳಿದರೋ, ಇಳಿದ ಮೇಲೆ ಬೇರೆ ಯಾರಿಂದಲೋ ಕಲಿತರೋ ಎಂಬುದು ಯಾರೂ ಬಿಡಿಸದ ಪ್ರಶ್ನೆ. ಎಲ್ಲರಿಗಿಂತ ಹಳೆಯ ಗಡಿಗೆಯವರು ಇವರು. ಇವರ ಮಾತೇ ಸಿಗದಿದ್ದರೆ ಉತ್ತರ ಕುಂಟುತ್ತದೆ. "ನೀವು ಹೇಳ್ಲಿಲ್ಲ ಅಂದ್ರೆ ನಂಗೆ ಕೋಪ ಇಲ್ಲ ಅಜ್ಜಿ. ಆದ್ರೆ ಆ ಮಾತು ನಿಮ್ಮ ಜತೇನೇ ಹೋಗುತ್ತೆ."

ಆ ವಾರ ಸಂತೆಗೆ ಹೋದ ಗಡಿಗೆಗಳಲ್ಲಿ ಒಂದರ ಕಂಠವೂ ನೆಟ್ಟಗಿರಲಿಲ್ಲ. ಹೇಳಿದರೆ, ಬೀದಿಗೆ ಬೀಳಬೇಕಿದ್ದವಳ ಒಲೆ ಉಳಿಸಿದ ಮಾವನಿಗೆ ದ್ರೋಹ. ಹೇಳದಿದ್ದರೆ, ಎಲ್ಲೋ ಗುರುತಿಲ್ಲದ ಜಾಗದಲ್ಲಿ ಹೂಳಿದ ಅವ್ವನದೆಂದು ಇದ್ದ ಒಂದೇ ಒಂದು ವಸ್ತುವೂ ಮಣ್ಣುಪಾಲು. ತುಂಪೆಗೆ ಕೊಕುವಿನ ಸಾವಿರಾರು ವರ್ಷದ ತಾಯಿ ಬೇಕಿರಲಿಲ್ಲ. ತನ್ನ ಅವ್ವನ ಮಾತು ಪುಸ್ತಕದಲ್ಲಿ ಕೂರಬೇಕು, ತಾನು ಸತ್ತ ಮೇಲೂ ಯಾರಾದರೂ ಓದಬೇಕು ಎಂಬ ಆಸೆ ಹುಟ್ಟಿಬಿಟ್ಟಿತ್ತು. ಹುಟ್ಟಿದ ಮೇಲೆ ಅದು ಸುಮ್ಮನಿರಲಿಲ್ಲ.

"ಹೇಳ್ಬಿಡವ್ವ" ಎಂದ ಲ್ವಿಟಿಕೊ, ಬಲೆ ಬಿಡಿಸುತ್ತ. "ತಾತ ಏನು ಎದ್ದು ಬರ್ತಾನಾ?"

"ಎದ್ದು ಬರಲ್ಲ ಅಂತಲೇ ಮೋಸ ಮಾಡ್ಲಾ?"

ದಾರಿ ತೋರಿಸಿದವಳು ಇಕುಪ. ಇಬ್ಬರೂ ಒಲೆಯ ಮುಂದೆ ಬಾಳೆಕಾಯಿ ಸುಲಿಯುತ್ತಿದ್ದರು.

"ಅಕ್ಕಾ, ನಮ್ಮಲ್ಲಿ ಸೊಸೆ ತವರ ಅಂಗಳಕ್ಕೆ ಕಾಲಿಟ್ಟ ಮೇಲೆ ಮಾವನ ಹೆಸರಿಟ್ಕೊಂಡು ನಾಯಿ ಕರೆದ್ರೂ ಕೇಳೋರಿಲ್ಲ. ನಿಮ್ಮಲ್ಲಿ?"

"ನಮ್ಮಲ್ಲೂ ಅಷ್ಟೇ. ತವರು ಎಲ್ಲಿದೆ?"

"ಮನುಷ್ಯರು ಹೋದ್ರು. ನೆಲ ಎಲ್ಲಿಗೆ ಹೋಗುತ್ತೆ?"

ತುಂಪೆ ಸುಲಿಯುತ್ತಿದ್ದ ಬಾಳೆಕಾಯಿ ಕೆಳಗಿಟ್ಟಳು. ಅಷ್ಟು ಸುಲಭದ ವಿಷಯ ತನಗೆ ಹೊಳೆಯಲಿಲ್ಲವಲ್ಲ ಎಂದು ಇಕುಪಳ ಮೇಲೇ ರೇಗಿದಳು. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು.

ಗಾಳಿ ಇಳಿದ ಒಂದು ಬೆಳಿಗ್ಗೆ ಲ್ವಿಟಿಕೊ ಅವಳನ್ನೂ ಕೊಕುವನ್ನೂ ಎಂಜಿನ್ ದೋಣಿಯಲ್ಲಿ ಕೂರಿಸಿಕೊಂಡು ಹೊರಟ. ತುಂಪೆ ಸೊಂಟಕ್ಕೆ ಸುತ್ತುವ ಅಚ್ಚಿನ ಬಟ್ಟೆ, ಹೊಸ ಕಾಂಗ ಉಟ್ಟಿದ್ದಳು. ದಾರಿಯುದ್ದಕ್ಕೂ ಅವಳ ಬಾಯಿ ನಿಲ್ಲಲಿಲ್ಲ. ಅವ್ವನ ಕೈ ಎಷ್ಟು ಉದ್ದವಿತ್ತೆಂದರೆ ದೊಡ್ಡ ಗಡಿಗೆಯ ತಳವನ್ನು ಒಳಗಿನಿಂದಲೇ ಮುಟ್ಟುತ್ತಿದ್ದಳು. ಬೆಳಗಾದರೆ ಹೆಸರು ಹಿಡಿದು ಎಬ್ಬಿಸುತ್ತಿರಲಿಲ್ಲ, 'ಏಳೇ, ಮಣ್ಣು ಒಣಗ್ತಾ ಇದೆ' ಎಂದು ಬೊಬ್ಬೆ ಹಾಕುತ್ತಿದ್ದಳು. ಆ ಬೊಬ್ಬೆಯನ್ನು ಕೊಕುವಿಗೆ ಹೇಳುವಾಗಲೂ ತುಂಪೆ 'ಮೆತ್ತಂದು ಒಣಗ್ತಾ ಇದೆ' ಎಂದೇ ಹೇಳಿದಳು. "ತಡ್ಕೋ ಮೇಡಮ್ಮ, ಮೇಲೆ ಹತ್ತೋಣ. ಅಲ್ಲಿ ಸರಿಯಾಗಿ ಹೇಳ್ತೀನಿ" ಎಂದು ತೊಡೆ ತಟ್ಟಿದಳು.

ಲ್ವಿಟಿಕೊ ದೋಣಿಯ ಹತ್ತಿರ ಉಳಿದ, ಗಂಡಸಿಗೆ ಆ ಗುಂಡಿಯ ಹತ್ತಿರ ಕೆಲಸವಿಲ್ಲ. ಹೆಂಗಸರಿಬ್ಬರೂ ಕೂತು, ಎದ್ದು, ಮತ್ತೆ ಕೂತು ಗುಡ್ಡ ಹತ್ತಿದರು. ಲುಸೂಬದಲ್ಲಿ ಗೋಡೆ ಎಂಬುದು ಇರಲಿಲ್ಲ. ಕಾಡು ಬಿದ್ದ ಬಾಳೆ, ಎದೆಯೆತ್ತರದ ಹುಲ್ಲು. ತುಂಪೆ ಕಾಲಿನಿಂದ ತಡಕುತ್ತ ಹೋಗಿ ಮೂರು ಒಲೆಗಲ್ಲುಗಳನ್ನು ಹುಡುಕಿದಳು. ಅಲ್ಲಿಂದ ಸ್ವಲ್ಪ ಕೆಳಗೆ ಜರಿಗಿಡ ಮುಚ್ಚಿಕೊಂಡ ಗುಂಡಿ, ತಳದಲ್ಲಿ ಒಂದಿಷ್ಟು ನೀರು, ಬದಿಯಲ್ಲಿ ಕಪ್ಪು ಬೂದಿ ಬಣ್ಣದ ಜೇಡಿಮಣ್ಣು. ಅದನ್ನು ಬೆರಳಲ್ಲಿ ಉಜ್ಜಿ ನೋಡಿ, "ಇಬ್ವೇಲದ್ದಕ್ಕಿಂತ ನಮ್ದೇ ವಾಸಿ" ಎಂದಳು. ಕೈ ತೊಳೆದಳು, ಬಾಯಿ ಮುಕ್ಕಳಿಸಿದಳು. ಮಾವನ ಮನೆಯ ದಿಕ್ಕಿಗೆ ಬೆನ್ನು ಮಾಡಿ ಒಲೆಗಲ್ಲಿನ ಮೇಲೆ ಕೂತಳು. ಕೊಕು ದನಿ ಹಿಡಿಯುವ ಯಂತ್ರ ಹಚ್ಚಿದಳು.

ತುಂಪೆ ಬಾಯಿ ತೆರೆದು "ಮೆತ್ತಂದು" ಎಂದಳು.

ತನಗೇ ನಗು ಬಂತು. "ನೋಡು ರೂಢಿ!" ಎಂದು ಬಾಯಿಗೆ ಏಟು ಹಾಕಿಕೊಂಡು ಮತ್ತೆ ತೆರೆದಳು. ಮತ್ತೆ ಅದೇ ಬಂತು. ಮೂರನೆಯ ಸಲ ಅದೂ ಬರಲಿಲ್ಲ.

"ಅವಸರ ಇಲ್ಲ ಅಜ್ಜಿ" ಎಂದಳು ಕೊಕು.

ತುಂಪೆ ಕಣ್ಣು ಮುಚ್ಚಿದಳು. ಅವ್ವನ ಬೊಬ್ಬೆಯನ್ನೇ ನೆನೆಸಿಕೊಂಡರೆ ಬಂದೇ ಬರುತ್ತದೆ. ಬೆಳಗಿನ ಹೊಗೆ, ಚಾಪೆಯ ಚುಚ್ಚು, ಬಾಗಿಲಲ್ಲಿ ಅವ್ವನ ಉದ್ದ ಕೈ. ಅವ್ವ ಬಗ್ಗಿದಳು, ಏಳೇ ಎಂದಳು. ಆಮೇಲೆ ಅವ್ವನ ಬಾಯಿಂದ ಅತ್ತೆಯ ಮಾತು ಬಂತು. ಮೆತ್ತಂದು ಒಣಗ್ತಾ ಇದೆ. ತುಂಪೆ ಬೆಚ್ಚಿ ಕಣ್ಣು ಬಿಟ್ಟಳು. ಮತ್ತೆ ಮುಚ್ಚಿದಳು. ಎಷ್ಟು ಸಲ ಎಬ್ಬಿಸಿದರೂ ಅವ್ವ ಅದನ್ನೇ ಹೇಳಿದಳು. ಇಷ್ಟು ವರ್ಷ ಭದ್ರವಾಗಿದೆಯೆಂದು ನಂಬಿದ್ದ ಜಾಗದಲ್ಲಿ ಏನೂ ಇರಲಿಲ್ಲ. ಬಾಯಿಗೆ ಬಾರದಂತೆ, ಮನಸ್ಸಿಗೆ ಬಾರದಂತೆ ದಿನಾ ದೂಡಿ ದೂಡಿ ಅದನ್ನು ಹೊರಗೇ ಹಾಕಿಬಿಟ್ಟಿದ್ದಳು.

"ಇಲ್ಲ ಕಣೇ. ನನ್ಹತ್ರ ಇಲ್ಲ" ಎಂದಳು.

ಕೊಕು ಯಂತ್ರ ನಿಲ್ಲಿಸಿದಳು. ತುಂಪೆಯ ಪಕ್ಕ ಬಂದು ಕೂತು, "ಸುತ್ತಮುತ್ತಲ ಮಾತುಗಳನ್ನ ಇಟ್ಕೊಂಡು ಲೆಕ್ಕ ಹಾಕಿದ್ರೆ ನಿಮ್ಮಲ್ಲಿ ಹೇಗಿತ್ತು ಅಂತ ಒಂದು ಊಹೆ ಮಾಡಬಹುದು. ಹೇಳಿ ನೋಡ್ಲಾ?" ಎಂದಳು.

ತುಂಪೆ ತಲೆಯಾಡಿಸಿದಳು.

"ಉಲುಬುಂಬ."

ಆ ಗುಡ್ಡದ ಮೇಲೆ ಅದು ಸಣ್ಣಗೆ ಕೇಳಿಸಿತು. ತುಂಪೆ ಅದನ್ನು ಬಾಯೊಳಗೆ ಇಟ್ಟುಕೊಂಡು ನೋಡಿದಳು. ಜೋರಾಗಿ ಹೇಳಿ ನೋಡಿದಳು. ಅವ್ವನ ಬೊಬ್ಬೆಯೊಳಗೆ ಕೂರಿಸಿ ನೋಡಿದಳು. ಹೌದೆಂದು ಯಾವುದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

"ಇದ್ರೂ ಇರ್ಬಹುದು" ಎಂದಳು. "ಪುಸ್ತಕದಲ್ಲಿ ಹಾಕ್ತೀಯಾ?"

"ಹಾಕ್ತೀನಿ ಅಜ್ಜಿ. ಮುಂದೆ ಒಂದು ನಕ್ಷತ್ರದ ಗುರುತು ಇಟ್ಟು ಹಾಕ್ಬೇಕು. ಇದು ಊಹೆ, ಇದನ್ನ ಕೇಳಿದವರು ಯಾರೂ ಇಲ್ಲ ಅಂತ ಅದರ ಅರ್ಥ."

"ಯಾರೂ ಇಲ್ವಾ?" ತುಂಪೆ ಎದ್ದು ನಿಂತಳು. "ನಾನು ಕೇಳಿಲ್ವೇನೇ? ಇದೇ ಜಾಗದಲ್ಲಿ ದಿನಾ ಬೆಳಗ್ಗೆ ಕೇಳ್ಕೊಂಡು ಎದ್ದಿದ್ದೀನಿ. ನನ್ನ ಈ ಎರಡು ಕಿವಿಲಿ! ಕೇಳಿದೋಳು ನಿನ್ನ ಮುಂದೆ ನಿಂತಿಲ್ವಾ?"

ಕೊಕು ಕಣ್ಣೊರೆಸಿಕೊಂಡಳು. "ಹಾಗಾದ್ರೆ ನಕ್ಷತ್ರ ಇಡಲ್ಲ. ಅಜ್ಜಿ, ನೀವು ಕೇಳಿದ್ದು ಇದೇನಾ?"

ತುಂಪೆ ಗುಂಡಿಯ ಕಡೆ ನೋಡಿದಳು. ಹೌದು ಎಂದುಬಿಟ್ಟರೆ ಆಗಿಹೋಗುತ್ತಿತ್ತು, ಕೇಳುವವರು ಯಾರೂ ಇರಲಿಲ್ಲ. ಆದರೆ ಅವ್ವನ ಬಾಯಲ್ಲಿ ಈಗಾಗಲೇ ಒಂದು ಬೇರೆಯವರ ಮಾತು ಕೂತಿತ್ತು. ಇನ್ನೊಂದನ್ನು ತಾನೇ ಕೈಯಾರೆ ಕೂರಿಸಲು ಅವಳಿಗೆ ಮನಸ್ಸಾಗಲಿಲ್ಲ.

"ಇಡು ನಿನ್ನ ನಕ್ಷತ್ರ" ಎಂದಳು.

ಆಮೇಲೆ ಗುಂಡಿಗೆ ಇಳಿದಳು. ಕೊಕು ಬೇಡವೆಂದರೂ ಕೇಳದೆ ಬರಿಗೈಯಲ್ಲಿ ಜೇಡಿಮಣ್ಣು ಬಗೆದು, ಹೊಸ ಕಾಂಗದ ಸೆರಗು ಹರಿದು ಗಂಟು ಕಟ್ಟಿಕೊಂಡಳು. ಇಳಿಯುವಾಗ ಯಾರ ಕೈಗೂ ಕೊಡಲಿಲ್ಲ. ದಡದಲ್ಲಿ ಕಾದು ಕೂತಿದ್ದ ಲ್ವಿಟಿಕೊ ಎದ್ದು ಬಂದು ಅವಳ ಕೈ ಹಿಡಿದ.

"ಏನವ್ವ ಅದು, ಗಂಟಲ್ಲಿ?"

"ನಮ್ಮವ್ವನ" ಎಂದಳು ತುಂಪೆ. ಮುಂದಿನ ಮಾತಿಗೆ ಬಾಯಿ ತೆರೆದಿತ್ತು, ಯಾವುದೂ ಬರಲಿಲ್ಲ. ಮಗ ಗಂಟನ್ನು ಇಸಿದುಕೊಂಡು ದೋಣಿಯಲ್ಲಿಟ್ಟ.